ಬಸುರಿ ಬೆಕ್ಕಿಗೆ ಆಪರೇಷನ್: ಪಾಪದ ಲೆಕ್ಕವನ್ನು ಪೂರ್ತಿ ಹಾಕೋಣ

ಬೀದಿಯಲ್ಲಿ ಸಿಕ್ಕ ಬಸುರಿ ಬೆಕ್ಕಿಗೆ ಸಂತಾನಹರಣದ ಆಪರೇಷನ್ ಮಾಡಿಸಿಯೇ ದತ್ತು ಕೊಡುತ್ತೇವೆ ಎಂದರೆ ಸಾಕು, ‘ಭ್ರೂಣಹತ್ಯೆ’ ಎಂಬ ಮಾತು ಬಂದೇ ಬರುತ್ತದೆ. ಬೆಕ್ಕನ್ನು ಕೊಂದವರು ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕು ಎಂದು ಕೇಳುತ್ತ ಬೆಳೆದವರು ನಾವು. ಆ ಅಳುಕನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೂ ಆಪರೇಷನ್ ಮಾಡಿಸಬೇಕು, ಅದೂ ಇನ್ನೊಬ್ಬರ ಕೈಗೆ ಕೊಡುವ ಮೊದಲೇ ಮಾಡಿಸಬೇಕು.

ಹುಟ್ಟದ ಮರಿಗಳಿಗಾಗಿ ಮರುಗುವವರು ಹುಟ್ಟಿದವುಗಳ ಪಾಡನ್ನೂ ನೋಡಲಿ. ಪಾರ್ಕಿಂಗ್ ಜಾಗದ ಮೂಲೆಯಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ ಸಿಗುವ ಮರಿಗಳ ಕಣ್ಣು ಪಿಸುರು ಮೆತ್ತಿ ಮುಚ್ಚಿಹೋಗಿರುತ್ತವೆ. ಮೂಗು ಕಟ್ಟಿರುವುದರಿಂದ ವಾಸನೆ ಸಿಗದೆ, ಇಟ್ಟ ಊಟವನ್ನೂ ಮುಟ್ಟುವುದಿಲ್ಲ. ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಸ್ ರೋಗ ತಗುಲಿದ ಮರಿ ನೀರಿನ ಬಟ್ಟಲಿನ ಮೇಲೆ ತಲೆ ಬಾಗಿಸಿಕೊಂಡು ಕೂತೇ ಇರುತ್ತದೆ, ಒಂದು ಗುಟುಕೂ ಕುಡಿಯುವುದಿಲ್ಲ. ಲಸಿಕೆ ಹಾಕಲು ಆರೆಂಟು ವಾರ ತುಂಬಬೇಕು. ಬೀದಿಯ ಎಷ್ಟೋ ಮರಿಗಳು ಅಲ್ಲಿಯವರೆಗೆ ಉಳಿಯುವುದೇ ಇಲ್ಲ. ಉಳಿದವಕ್ಕೆ ಮನೆ ಬೇಕು. ಸಾಕುತ್ತೇವೆ ಎಂದು ಮುಂದೆ ಬರುವ ಮನೆಗಳೋ ಬೆರಳೆಣಿಕೆಯಷ್ಟು. ಇವತ್ತು ಹೊಟ್ಟೆಯಲ್ಲಿರುವ ನಾಲ್ಕು ಮರಿಗಳಿಗೆ ಸಿಗುವ ಮನೆ, ಈಗಾಗಲೇ ಉಸಿರಾಡುತ್ತಿರುವ ಬೇರೆ ನಾಲ್ಕಕ್ಕೆ ತಪ್ಪಿದ ಮನೆಯೇ.

ಬೆಕ್ಕಿನ ಬಸುರು ಸುಮಾರು 65 ದಿನದ್ದು. ನಾಲ್ಕೈದು ತಿಂಗಳಿಗೇ ಹೆಣ್ಣುಮರಿ ಬೆದೆಗೆ ಬರಬಹುದು. ನಮ್ಮ ಹವೆಯಲ್ಲಿ ಅದಕ್ಕೆ ಕಾಲವೆಂಬುದೂ ಇಲ್ಲ. ಮರಿಗಳು ಮೊಲೆ ಕಚ್ಚಿಕೊಂಡಿರುವಾಗಲೇ ತಾಯಿ ಮತ್ತೆ ಬಸುರಾಗಬಹುದು. ‘ಈ ಸಲ ಹೆರಲಿ, ಆಮೇಲೆ ನೋಡೋಣ’ ಎನ್ನುವವರು ಇದನ್ನು ಮರೆಯುತ್ತಾರೆ. ದತ್ತು ತೆಗೆದುಕೊಂಡವರು ‘ಮಾಡಿಸ್ತೀವಿ ಮೇಡಂ’ ಎಂದು ಮಾತು ಕೊಡುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ಮರಿ ಹುಟ್ಟಿದ ಮೇಲೆ ಮನೆ ಮಾಲೀಕರ ತಕರಾರು, ಖರ್ಚು, ಊರಿನ ಪ್ರಯಾಣ. ಅಷ್ಟರಲ್ಲಿ ಬೆಕ್ಕು ಬಾಲ್ಕನಿ ಹಾರಿರುತ್ತದೆ.

ಆಪರೇಷನ್ನಿನಲ್ಲಿ ಆಗುವುದೇನು ಎಂದು ಮುಚ್ಚಿಡದೆ ಹೇಳಬೇಕು. ಅರಿವಳಿಕೆ ಕೊಟ್ಟು, ಹೊಟ್ಟೆಯ ಕೂದಲು ಬೋಳಿಸಿ, ರಕ್ತನಾಳಗಳನ್ನು ಕಟ್ಟಿ, ಅಂಡಾಶಯದ ಸಮೇತ ಗರ್ಭಕೋಶವನ್ನು ಬಿಚ್ಚದೆ ಇಡಿಯಾಗಿ ತೆಗೆಯುತ್ತಾರೆ. ಒಳಗಿನ ಜೀವಗಳು ಅಲ್ಲಿಗೆ ಮುಗಿಯುತ್ತವೆ. ಅದನ್ನು ಬೇರೆ ಹೆಸರಿಟ್ಟು ಕರೆಯಲು ನನಗೆ ಇಷ್ಟವಿಲ್ಲ. ಬಸುರಿನಲ್ಲಿ ರಕ್ತನಾಳಗಳು ಹಿಗ್ಗಿರುವುದರಿಂದ ಅಪಾಯ ಸ್ವಲ್ಪ ಹೆಚ್ಚು. ಹಾಗಾಗಿ ಕೈ ಪಳಗಿದ ವೈದ್ಯರೇ ಬೇಕು, ಡ್ರಿಪ್ ಬೇಕು, ಎಚ್ಚರವಾಗುವವರೆಗೆ ಮೈ ಬೆಚ್ಚಗಿಡಬೇಕು. ತಾಯಿಗಾದರೋ ಮುಂದೆ ಹೆರಿಗೆಯ ಸಂಕಟವಿಲ್ಲ, ಗರ್ಭಕೋಶದಲ್ಲಿ ಕೀವು ತುಂಬುವ ಭಯವಿಲ್ಲ.

ವಿರೋಧಿಸುವವರು ಕಾನೂನನ್ನೂ ಎಳೆದು ತರುತ್ತಾರೆ. 2001ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮದಲ್ಲಿ ಬಸುರಿ ನಾಯಿಗೆ ಯಾವ ಹಂತದಲ್ಲೂ ಗರ್ಭಪಾತ ಮಾಡಬಾರದು, ಈಯುವವರೆಗೆ ಬಿಟ್ಟುಬಿಡಬೇಕು ಎಂದಿತ್ತು, ನಿಜ. ಅದು ನಾಯಿಗಳಿಗೆಂದು ಮಾಡಿದ್ದು; 2023ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಾವಳಿ ಬಂದಿದೆ. ಹಿಡಿದ ಪ್ರಾಣಿಯನ್ನು ಬಿಟ್ಟು ಮತ್ತೆ ಹಿಡಿಯುತ್ತೇವೆ ಎನ್ನುವುದು ಕಾಗದದ ಮೇಲಷ್ಟೇ ಸುಲಭ. ಮರಿಗಳನ್ನು ಏಳು ಮನೆ ತಿರುಗಿಸುವ ತಾಯಿ ಬೆಕ್ಕನ್ನು ಯಾವ ಮಹಡಿಯಲ್ಲಿ ಹುಡುಕುತ್ತೀರಿ?

ಇವತ್ತೋ ನಾಳೆಯೋ ಈಯುವಂತಿದ್ದರೆ, ಅಥವಾ ಬೆಕ್ಕು ತೀರಾ ಸೊರಗಿದ್ದರೆ, ವೈದ್ಯರು ಬೇಡವೆನ್ನಬಹುದು. ಆಗ ಅವರ ಮಾತೇ ಕೊನೆ. ಆದರೆ ಹೆರಲಿ ಎಂದು ಪಟ್ಟು ಹಿಡಿದವರು ಒಂದು ಕೋಣೆ ಬಿಟ್ಟುಕೊಡಲಿ, ಮರಿಗಳ ಲಸಿಕೆಯ ಖರ್ಚು ಹೊರಲಿ, ಹಾಲು ಬಿಟ್ಟ ಮೇಲೆ ತಾಯಿಗೂ ನಾಲ್ಕು ತಿಂಗಳಾಗುತ್ತಲೇ ಮರಿಗಳಿಗೂ ಆಪರೇಷನ್ ಮಾಡಿಸಿಯೇ ಮನೆಯಿಂದ ಕಳಿಸಲಿ. ಅಷ್ಟು ಮಾಡುವವರ ಮುಂದೆ ನನ್ನ ತಕರಾರಿಲ್ಲ. ನಗರಪಾಲಿಕೆಗಳನ್ನು ಕೇಳಬೇಕಾದ್ದು ಇಷ್ಟು: ನಾಯಿಗಳಿಗೆಂದು ನಡೆಸುವ ಆಪರೇಷನ್ ಕೇಂದ್ರಗಳಲ್ಲಿ ವಾರಕ್ಕೊಂದು ದಿನವಾದರೂ ಬೆಕ್ಕುಗಳಿಗೆ ಮೀಸಲಿಡಿ, ಬಸುರಿ ಎಂದು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಬೇಡಿ.