ಇದ್ದಂತೆಯೇ ಇರಬೇಕೆಂಬ ಹಟ

2025ರ ಏಪ್ರಿಲ್ ತಿಂಗಳಿನ ಒಂದು ಸಂಜೆ ನಮ್ಮ ಕಾಲೇಜಿನ ಹುಡುಗರ ವಸತಿಗೃಹದ ಮುಂದೆ ಹಾಯ್ದು ಹೋಗುತ್ತಿದ್ದೆ. ಒಳಗೆ ದೊಡ್ಡ ಗದ್ದಲ. ಪರೀಕ್ಷೆಯ ದಿನಗಳಾದುದರಿಂದ ಯಾವನೋ ಪ್ರಶ್ನೆಪತ್ರಿಕೆಯ ಸುಳಿವು ತಂದಿರಬೇಕೆಂದು ಶಂಕಿಸಿ ಒಳಗೆ ಹೋದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಕಡೆಯ ಹುಡುಗರು ಒಂದು ಮೊಬೈಲಿನ ಸುತ್ತ ಕುಳಿತು ಎರಡು ಪಕ್ಷವಾಗಿ ಕಾದಾಡುತ್ತಿದ್ದರು. ನನ್ನನ್ನು ಕಂಡವನೇ ಒಬ್ಬ ನ್ಯಾಯ ಕೇಳಿದ: ‘ಸರ, ನೀವ ಹೇಳ್ರಿ. ಆಟದಾಗ ಹೆಂಗಿತ್ತೋ ಹಂಗ ತಗೀಲಿಕ್ಕೆ ಇವರಿಗೇನ ಧಾಡಿ ಆಗಿತ್ತರಿ?’

ಆಟವೆಂದರೆ ‘ದಿ ಲಾಸ್ಟ್ ಆಫ್ ಅಸ್’ ಎಂಬ ವಿಡಿಯೋ ಆಟ. 2013ರಲ್ಲಿ ಹೊರಬಂದ ಅದನ್ನು ಅಮೆರಿಕದ ಎಚ್.ಬಿ.ಓ. ಸಂಸ್ಥೆ 2023ರಲ್ಲಿ ಟಿ.ವಿ. ಧಾರಾವಾಹಿಯಾಗಿಸಿತು, ಅದರ ಎರಡನೆಯ ಕಂತುಮಾಲೆ ಆಗತಾನೆ ಬರತೊಡಗಿತ್ತು. ಕಥೆ ಸರಳ. ಇರುವೆಗಳ ಮೈಹೊಕ್ಕು ಅವುಗಳ ನಡೆಯನ್ನೇ ತನ್ನ ವಶಮಾಡಿಕೊಳ್ಳುವ ಒಂದು ಜಾತಿಯ ಬೂಷ್ಟು ಸೃಷ್ಟಿಯಲ್ಲಿ ನಿಜವಾಗಿಯೂ ಇದೆ. ಅಂಥದೊಂದು ಮನುಷ್ಯರಿಗೆ ತಗುಲಿ ಲೋಕವೇ ಹಾಳಾಗಿದೆ. ಆ ಬೇನೆ ತಾಗದ ಎಲಿ ಎಂಬ ಹುಡುಗಿಯನ್ನು, ಮಗಳನ್ನು ಕಳೆದುಕೊಂಡ ಜೋಯೆಲ್ ಎಂಬ ನಡುವಯಸ್ಸಿನವನು ದೇಶದ ಉದ್ದಕ್ಕೂ ನಡೆಸಿಕೊಂಡು ಹೋಗಬೇಕು. ಅವಳನ್ನು ಕೊಯ್ದರೆ ಮದ್ದು ಸಿಗಬಹುದು, ಆದರೆ ಅವಳು ಉಳಿಯಳು. ಆತ ಲೋಕವನ್ನು ಬಿಟ್ಟು ಹುಡುಗಿಯನ್ನು ಉಳಿಸಿಕೊಳ್ಳುತ್ತಾನೆ. ಆಮೇಲೆ ಅವಳ ಮುಂದೆಯೇ ಸುಳ್ಳು ಹೇಳುತ್ತಾನೆ.

ಹುಡುಗರ ದೂರುಗಳ ಪಟ್ಟಿ ಉದ್ದವಾಗಿತ್ತು. ಎಲಿಯ ಪಾತ್ರದ ನಟಿಯ ಮುಖ ಆಟದ ಎಲಿಯಂತಿಲ್ಲ. ಆಟದಲ್ಲಿ ಬೂಷ್ಟಿನ ಧೂಳು ಗಾಳಿಯಲ್ಲಿ ಹಾರುತ್ತದೆ, ಜನ ಮುಸುಕು ಹಾಕಿಕೊಳ್ಳುತ್ತಾರೆ. ಧಾರಾವಾಹಿಯ ಮೊದಲ ಮಾಲೆಯಲ್ಲಿ ಅದನ್ನು ತೆಗೆದುಹಾಕಿದರು. ಬಿಲ್ ಎಂಬವನ ಕಥೆಯನ್ನಂತೂ ಪೂರ್ತಿ ಬದಲಿಸಿದರು. ‘ನಾವು ಹತ್ತು ಸರ್ತಿ ಆಡೀವ್ರಿ, ನಮಗ ಗೊತ್ತಿಲ್ಲೇನ್ರಿ?’ ಎಂಬುದು ಅವರ ವಾದದ ಸಾರ.

ಮರುದಿನ ಅಧ್ಯಾಪಕರ ಕೋಣೆಯಲ್ಲಿ ಈ ಸಂಗತಿ ಹೇಳಿದಾಗ ಮಿತ್ರರೊಬ್ಬರು ನಕ್ಕರು. ಕನ್ನಡ ಕಲಿಸುವವರಿಗೆ ಹುಡುಗಾಟಿಕೆಯ ಈ ಉಸಾಬರಿ ಏಕೆಂದರು. ನನಗೆ ಹಾಗೆನಿಸುವುದಿಲ್ಲ. ಒಂದು ಕಥೆ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಹೋಗುವಾಗ ಏನು ಉಳಿಯಬೇಕು, ಏನು ಬದಲಾಗಬಹುದು ಎಂಬ ಪ್ರಶ್ನೆ ಕನ್ನಡ ಸಾಹಿತ್ಯದ ಬಾಗಿಲಲ್ಲಿಯೇ ನಿಂತಿದೆ. ಕ್ರಿ.ಶ. 941ರ ಸುಮಾರಿನಲ್ಲಿ ಪಂಪನು ವ್ಯಾಸರ ಭಾರತವನ್ನು ಕನ್ನಡಕ್ಕೆ ತಂದಾಗ ಅರ್ಜುನನನ್ನು ನಾಯಕನನ್ನಾಗಿ ಮಾಡಿದ, ಅವನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಂಡ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ನಮ್ಮ ವಸತಿಗೃಹದ ಹುಡುಗರು ಅಂದು ಆ ಆಸ್ಥಾನದಲ್ಲಿದ್ದರೆ ‘ಐದು ಗಂಡಂದಿರಲ್ಲಿ ನಾಲ್ವರು ಎಲ್ಲಿ ಹೋದರು?’ ಎಂದು ಕವಿಯ ಕೊರಳಪಟ್ಟಿ ಹಿಡಿಯುತ್ತಿದ್ದರು. ಆದರೂ ಪಂಪಭಾರತ ಉಳಿದಿದೆ. ಕರ್ಣನ ಸಂಕಟ, ದುರ್ಯೋಧನನ ಛಲ ಅಲ್ಲಿ ಕೆಟ್ಟಿಲ್ಲ, ಬೆಳೆದಿವೆ.

ಇನ್ನು ಆಟದ ಮಾತಿಗೆ ಬರೋಣ. ‘ಇದ್ದಂತೆಯೇ ತೆಗೆಯಿರಿ’ ಎನ್ನುವವರು ಆಟದ ಜೀವ ಎಲ್ಲಿದೆ ಎಂಬುದನ್ನೇ ಮರೆತಿದ್ದಾರೆ. ಅದು ಚಿತ್ರದಲ್ಲಿಲ್ಲ, ಆಡುವವನ ಬೆರಳಿನಲ್ಲಿದೆ. ಕೊನೆಯಲ್ಲಿ ಆ ವೈದ್ಯನನ್ನು ಕೊಲ್ಲಬೇಕಾದಾಗ ಗುಂಡಿ ಒತ್ತಬೇಕಾದವನು ಆಡುವ ಹುಡುಗನೇ. ಒತ್ತದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಆ ಪಾಪದಲ್ಲಿ ಅವನೂ ಪಾಲುಗಾರನಾಗುತ್ತಾನೆ. ಅದೇ ದೃಶ್ಯವನ್ನು ಗೆರೆ ತಪ್ಪದೆ ಟಿ.ವಿ.ಯಲ್ಲಿ ತೆಗೆದರೆ ಆ ಪಾಲು ಹೋಯಿತು. ನಾವು ಕೈಕಟ್ಟಿ ಕುಳಿತು ನೋಡುವವರಾದೆವು. ಎಂದರೆ, ಏನನ್ನೂ ಬದಲಿಸದೆ ಇದ್ದರೂ ಮುಖ್ಯವಾದದ್ದು ಬದಲಾಗಿಯೇ ಬಿಟ್ಟಿತು. ಬೆರಳಿನಿಂದ ಬಂದ ನೋವನ್ನು ಕಣ್ಣಿನಿಂದ ತರಬೇಕಾದವನು ಬೇರೆ ದಾರಿ ಹುಡುಕಲೇಬೇಕು.

ಆ ದಾರಿಯನ್ನು ಧಾರಾವಾಹಿಯ ಕರ್ತೃಗಳು ಹುಡುಕಿದ್ದಾರೆಂದು ನನ್ನ ಅಭಿಪ್ರಾಯ. ಮುಖಕ್ಕೆ ಮುಸುಕು ಹಾಕಿದರೆ ನಟನ ಮುಖ ಕಾಣದು. ಆಟದಲ್ಲಿ ಅದು ಕೊರತೆಯಲ್ಲ, ನಾಟಕದಲ್ಲಿ ಕೊರತೆ. ಬಿಲ್ಲನ ಕಥೆ ಇನ್ನೂ ದೊಡ್ಡ ಉದಾಹರಣೆ. ಆಟದಲ್ಲಿ ಬಿಲ್ ಸಿಡುಕು ಸ್ವಭಾವದ ಒಂಟಿ; ಅವನ ಸಂಗಾತಿ ಫ್ರ್ಯಾಂಕ್ ಕಹಿ ಮಾತಿನ ಚೀಟಿ ಬರೆದಿಟ್ಟು ನೇಣು ಹಾಕಿಕೊಂಡಿರುತ್ತಾನೆ. ಧಾರಾವಾಹಿಯ ಮೂರನೆಯ ಕಂತಿನಲ್ಲಿ ಅವರಿಬ್ಬರೂ ಹಾಳೂರಿನಲ್ಲಿ ಮನೆ ಮಾಡಿ, ಗಿಡ ನೆಟ್ಟು, ಜಗಳಾಡಿ, ಮುಪ್ಪಾಗಿ, ಒಟ್ಟಿಗೆ ಕಣ್ಣು ಮುಚ್ಚುತ್ತಾರೆ. ಘಟನೆ ತಿರುವುಮುರುವಾಯಿತು, ನಿಜ. ಆದರೆ ‘ಎಲ್ಲ ಹಾಳಾದ ಮೇಲೆ ಯಾರಿಗಾಗಿ ಬದುಕಬೇಕು?’ ಎಂಬ ಆಟದ ಮೂಲ ಪ್ರಶ್ನೆಯನ್ನು ಆ ಕಂತು ಕೇಳಿದಷ್ಟು ನೇರವಾಗಿ ಆಟದ ಆ ಭಾಗವೂ ಕೇಳಿರಲಿಲ್ಲ. ಬಿಲ್ಲನ ಪಾತ್ರಕ್ಕೆ ನಿಕ್ ಆಫರ್ಮನ್ ಅವರಿಗೆ ಎಮ್ಮಿ ಪ್ರಶಸ್ತಿ ಬಂತು. ಪ್ರಶಸ್ತಿ ಬಂದುದರಿಂದ ಒಳ್ಳೆಯದೆನ್ನುವುದಿಲ್ಲ; ಒಳ್ಳೆಯದನ್ನು ಪ್ರಶಸ್ತಿ ಕೊಡುವವರೂ ಗುರುತಿಸಿದರೆಂದಷ್ಟೇ ಹೇಳುತ್ತೇನೆ.

ಬದಲಾವಣೆಯ ಗೊಡವೆಯೇ ಬೇಡವೆಂದು ಹೊಸ ಕಥೆ ಕಟ್ಟಿದವರನ್ನೂ ಅಭಿಮಾನಿಗಳು ಬಿಟ್ಟಿಲ್ಲ. ಅಣುಯುದ್ಧದ ನಂತರದ ಜಗತ್ತನ್ನು ಕುರಿತ ‘ಫಾಲೌಟ್’ ಎಂಬ ಆಟ 1997ರಷ್ಟು ಹಳೆಯದು. 2024ರಲ್ಲಿ ಬಂದ ಅದರ ಧಾರಾವಾಹಿ ಆಟದ ಲೋಕವನ್ನು ಮಾತ್ರ ಇಟ್ಟುಕೊಂಡು ಹೊಸ ಪಾತ್ರಗಳನ್ನು ತಂದಿತು. ಆಗ ಜಗಳ ಎದ್ದದ್ದು ಯಾವುದಕ್ಕೆ? ಶಾಲೆಯ ಕೋಣೆಯೊಂದರ ಕರಿಹಲಗೆಯ ಮೇಲೆ ಬರೆದಿದ್ದ ಒಂದು ಇಸವಿಗೆ! ಅದು ಹಿಂದಿನ ಆಟವೊಂದರ ಕಾಲಗಣನೆಗೆ ಹೊಂದುವುದಿಲ್ಲವಂತೆ. ಕವಿಯ ಕಾಲವನ್ನು ಕುರಿತು ವರುಷಗಟ್ಟಲೆ ಜಗಳಾಡಿ ಕಾವ್ಯವನ್ನು ಓದಲು ಮರೆಯುವ ಪಂಡಿತರ ಕುಲ ಅಳಿಯಿತೆಂದು ತಿಳಿದಿದ್ದೆ. ಅದು ವಸತಿಗೃಹಗಳಲ್ಲಿ ಮರುಹುಟ್ಟು ಪಡೆದಿದೆ.

ಈ ಹಟ ಹುಡುಗಾಟಿಕೆಯಾಗಿಯೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 2020ರಲ್ಲಿ ಆ ಮೊದಲ ಆಟದ ಎರಡನೆಯ ಭಾಗ ಬಂದಾಗ ಕಥೆ ತಮ್ಮ ಮನಸ್ಸಿನಂತೆ ನಡೆಯಲಿಲ್ಲವೆಂದು ಸಿಟ್ಟಾದ ಕೆಲವರು, ಅದರಲ್ಲಿ ಅಬಿ ಎಂಬ ಪಾತ್ರವನ್ನು ಅಭಿನಯಿಸಿದ ಲಾರಾ ಬೇಲಿ ಎಂಬ ನಟಿಗೆ ಕೊಲೆಯ ಬೆದರಿಕೆ ಕಳಿಸಿದರು. ಪಾತ್ರ ಮಾಡಿದ ಕೊಲೆಗೆ ಪಾತ್ರಧಾರಿಗೆ ಶಿಕ್ಷೆ! ಇದನ್ನು ಪ್ರೀತಿಯೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ಕಡೆಯ ಪ್ರೇಕ್ಷಕರು ಹೀಗಿರಲಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆ. ‘ಸಂಗ್ಯಾ ಬಾಳ್ಯಾ’ ಸಣ್ಣಾಟ ನಮ್ಮ ಮಣ್ಣಿನದೇ. ಬೈಲಹೊಂಗಲದ ಹತ್ತಿರದ ಬೈಲವಾಡದಲ್ಲಿ ನಿಜವಾಗಿ ನಡೆದ ಕೊಲೆಯೊಂದನ್ನು ಪತ್ತಾರ ಮಾಸ್ತರರು ಆಟವಾಗಿ ಕಟ್ಟಿದರೆಂದು ಪ್ರಸಿದ್ಧಿ. ಗಂಗಿಯ ಮೇಲೆ ಮನಸ್ಸಿಟ್ಟ ಸಂಗ್ಯಾ, ಜೀವದ ಗೆಳೆಯ ಬಾಳ್ಯಾನ ದ್ರೋಹದಿಂದ ಪ್ರಾಣ ಬಿಡುವ ಕಥೆ. ಊರಿನ ಜನರಿಗೆ ಬಾಯಿಪಾಠವಾಗಿದ್ದ ಸಂಗತಿಯನ್ನು ಮಾಸ್ತರರು ಇದ್ದಕ್ಕಿದ್ದಂತೆ ಬರೆದರೇ? ಖಂಡಿತ ಇಲ್ಲ, ಹಾಡಿಗೆ ಹೊಂದಿಸಿದರು, ಹಾಸ್ಯ ಬೆರೆಸಿದರು. ಮೇಳದಿಂದ ಮೇಳಕ್ಕೆ ಅದು ಬದಲಾಯಿತು. ಘೋಡಗೇರಿಯ ಚಂದ್ರಶೇಖರ ಕಂಬಾರರು 1960ರ ದಶಕದಲ್ಲಿ ಸಂಪಾದಿಸಿ ಅಚ್ಚುಹಾಕಿಸಿದರು. 1992ರಲ್ಲಿ ಸುಂದರಕೃಷ್ಣ ಅರಸ್ ಅವರು ಚಲನಚಿತ್ರ ಮಾಡಿದರು. ಮೂಲವನ್ನು ಕೆಡಿಸಿದರೆಂದು ಯಾರೂ ಯಾರ ಮೇಲೂ ಬಡಿಗೆ ಎತ್ತಲಿಲ್ಲ.

ಚಿಕ್ಕಂದಿನಲ್ಲಿ ನನ್ನ ತಾಯಿಯ ತವರೂರ ಜಾತ್ರೆಯಲ್ಲಿ ಈ ಆಟ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಬಾಳ್ಯಾ ಗೆಳೆಯನನ್ನು ಹಿಡಿದುಕೊಡುವ ಹೊತ್ತಿಗೆ ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಎದ್ದು ನಿಂತು ‘ನಿನ್ನ ಬಾಯಾಗ ಮಣ್ಣ ಬೀಳಲೋ ಮುಕಳ್ಯಾ!’ ಎಂದು ಶಪಿಸಿದಳು. ಬೆಳಗಾಯಿತು. ಬಾಳ್ಯಾನ ಪಾತ್ರದವನು ಅರ್ಧ ಬಣ್ಣ ತೊಳೆದುಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಅದೇ ಮುದುಕಿ ಬಿಸಿ ರೊಟ್ಟಿ, ಝುಣಕದ ವಡಿ ತಂದು ಅವನ ಮುಂದಿಟ್ಟು, ‘ಉಣ್ಣೋ ಯಪ್ಪಾ, ರಾತ್ರಿ ಭಾಳ ದಣದೀ’ ಎಂದಳು. ಆಕೆಗೆ ಓದುಬರಹ ಬರುತ್ತಿರಲಿಲ್ಲ. ಸಿಟ್ಟು ಯಾರಿಗೆ, ರೊಟ್ಟಿ ಯಾರಿಗೆ ಎಂಬ ವಿವೇಕ ಮಾತ್ರ ಇತ್ತು.

ಹಾಗಾದರೆ ರೂಪಾಂತರ ಮಾಡುವವರು ಮಾಡಿದ್ದೆಲ್ಲ ಸರಿಯೇ, ನೋಡುವವರು ಬಾಯಿ ಮುಚ್ಚಿಕೊಂಡಿರಬೇಕೇ ಎಂದು ವಾಚಕರು ಕೇಳಬಹುದು. ಇಲ್ಲ. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. 2012ರ ರಾಜ್ಯೋತ್ಸವದ ದಿನ ನಾಗಣ್ಣ ಅವರ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಿಡುಗಡೆಯಾಯಿತು. ಎಳೆಯ ಅಧ್ಯಾಪಕನಾಗಿದ್ದ ನಾನು ಮೊದಲ ವಾರವೇ ನೋಡಿಬಂದು ತಪ್ಪುಗಳ ಪಟ್ಟಿ ಬರೆದೆ: ಪೇಟದ ಸುತ್ತು ಹೀಗಲ್ಲ, ಖಡ್ಗ ಹಾಗಲ್ಲ, ಕೋಟೆ ನಮ್ಮದಲ್ಲ. ಮೂರು ಹಾಳೆ ತುಂಬಿತು. ಇಂದು ಅದನ್ನು ತೆಗೆದು ಓದಿದರೆ ನಾಚಿಕೆಯಾಗುತ್ತದೆ. ವಸತಿಗೃಹದ ಹುಡುಗರಿಗೂ ನನಗೂ ಭೇದವೇ ಇರಲಿಲ್ಲ. ಕೇಳಬೇಕಾಗಿದ್ದ ದೊಡ್ಡ ಪ್ರಶ್ನೆಯನ್ನು ಕೇಳಿರಲಿಲ್ಲ. ಮುಖ್ಯ ಪಾತ್ರದಲ್ಲಿ ದರ್ಶನ್ ಇದ್ದರು. ಥಿಯೇಟರಿನಲ್ಲಿ ಶಿಳ್ಳೆ ಬಿದ್ದದ್ದು ರಾಯಣ್ಣನಿಗೋ, ತೆರೆಯ ಮೇಲಿನ ತಾರೆಗೋ? ರಾಯಣ್ಣ ಒಬ್ಬಂಟಿ ಪರಾಕ್ರಮಿಯಲ್ಲ. ಭೂಮಿ ಕಳೆದುಕೊಂಡ ರೈತರ, ಹಳ್ಳಿಗಳ ನೆರವಿನಿಂದ ಕಾದಾಡಿದವನು, ತನ್ನವರ ದ್ರೋಹದಿಂದಲೇ 1830ರಲ್ಲಿ ಸಿಕ್ಕುಬಿದ್ದವನು. ಆ ಹಳ್ಳಿಗಳು ತೆರೆಯ ಮೇಲೆ ಎಷ್ಟು ಕಂಡವು? ಇದು ಪೇಟದ ಸುತ್ತಿಗಿಂತ ದೊಡ್ಡ ಮಾತು.

ನಮ್ಮ ಅಜ್ಜ ನನಗಿಂತ ಜಾಣರು. ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ 1961ರಲ್ಲಿ ಬಂದಾಗ ಚಕ್ಕಡಿ ಹೂಡಿಕೊಂಡು ಹೋಗಿ ನೋಡಿದ್ದರಂತೆ. ಬಿ. ಸರೋಜಾದೇವಿಯವರು ಚೆನ್ನಮ್ಮ. ‘ರಾಣಿ ಖರೇನ ರಾಣಿನ. ಆದರ ನಮ್ಮ ಕಡೀ ಮಾತು ಆಕೀ ಬಾಯಾಗ ಬರಲಿಲ್ಲ ನೋಡು’ ಎಂದು ಅಷ್ಟೇ ಹೇಳುತ್ತಿದ್ದರು. ಆ ಒಂದು ಮಾತಿನಲ್ಲಿ ಮೆಚ್ಚುಗೆಯೂ ಇತ್ತು, ನ್ಯಾಯವಾದ ದೂರೂ ಇತ್ತು. ಮಾತು ಆಭರಣವಲ್ಲ, ಆ ಕಥೆಯ ಮೈ. ಅದನ್ನು ಕೇಳುವ ಹಕ್ಕು ನಮಗಿದೆ. ಅದೂ ಅಲ್ಲದೆ ಚೆನ್ನಮ್ಮ, ರಾಯಣ್ಣ ಯಾರೋ ಕಲ್ಪಿಸಿದ ಪಾತ್ರಗಳಲ್ಲ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಜೀವಗಳು. ಅವರ ವಿಷಯದಲ್ಲಿ ಸತ್ಯಕ್ಕೆ ಲೆಕ್ಕ ಒಪ್ಪಿಸಬೇಕಾದ ಹೊಣೆ ಇದೆ. ಕಲ್ಪಿತ ಆಟದ ವಿಷಯದಲ್ಲಿ ಆ ಹೊಣೆ ಅಷ್ಟು ಬಿಗಿಯಾದುದಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಕೆಲವು ದಿನಗಳ ಮೇಲೆ ತರಗತಿಯಲ್ಲಿ ಈ ಧಾರಾವಾಹಿಯ ಮಾತೆತ್ತಿದೆ. ಹುಡುಗರು ಮತ್ತೆ ಮುಖ, ಮುಸುಕುಗಳ ಪಟ್ಟಿ ಬಿಚ್ಚಿದರು. ಹಿಂದಿನ ಬೆಂಚಿನಲ್ಲಿ ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರಿನ ಒಬ್ಬ ಹುಡುಗಿ ಕುಳಿತಿದ್ದಳು. ಅವಳು ಆಟ ಆಡಿದವಳಲ್ಲ, ಅಣ್ಣನ ಮೊಬೈಲಿನಲ್ಲಿ ಧಾರಾವಾಹಿ ನೋಡಿದವಳು. 2019ರ ಆಗಸ್ಟಿನಲ್ಲಿ ನವಿಲುತೀರ್ಥದಿಂದ ನೀರು ಬಿಟ್ಟು ಮಲಪ್ರಭೆ ಉಕ್ಕಿದಾಗ ಅವಳ ಮನೆ ಮುಳುಗಿತ್ತು. ಅವಳು ಮೆಲ್ಲಗೆ ಹೇಳಿದಳು: ‘ಅವರು ಬಿಟ್ಟ ಮನ್ಯಾಗ ಹೋಗಿ ನಿಂದರತಾರಲ್ರಿ ಸರ, ನಾವೂ ನೀರು ಇಳದ ಮ್ಯಾಲ ಹಂಗ ನಿಂತಿದ್ವಿ. ಒಲಿ ಮ್ಯಾಲ ಇಟ್ಟ ಬೋಗುಣಿ ಅಲ್ಲೇ ಇತ್ತರಿ, ಅದರ ತುಂಬ ರಾಡಿ.’ ತರಗತಿ ಸುಮ್ಮನಾಯಿತು. ಮುಸುಕಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಲೋಕ ಅಳಿದ ಮೇಲಿನ ಕಥೆ ನಮಗೆ ಪರಕೀಯವೆಂದು ಯಾರು ಹೇಳಿದರು? 1824ರ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ಅರಮನೆಯ ಮೊಂಡುಗೋಡೆಗಳು ಇಂದಿಗೂ ನಿಂತಿವೆ. ನಮ್ಮ ಹುಡುಗರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ರಾಯಣ್ಣನ ದಂಗೆ ನಡೆದದ್ದು ರಾಜ್ಯ ಹೋದ ಮೇಲೆ. ಎಲ್ಲ ಮುಗಿಯಿತೆಂದ ಮೇಲೂ ಯಾರಿಗಾಗಿ ಕಾದಾಡಬೇಕೆಂಬುದೇ ಅವನ ಕಥೆ. ನಾಳೆ ಇದೇ ಹುಡುಗರಲ್ಲಿ ಒಬ್ಬ ಅದನ್ನು ಧಾರಾವಾಹಿಯನ್ನೋ ಆಟವನ್ನೋ ಮಾಡಲು ಹೊರಟರೆ, ಪೇಟದ ಸುತ್ತು ಎಣಿಸುವ ಗುಂಪು ಬಾಗಿಲಲ್ಲಿ ನಿಂತಿರುತ್ತದೆ ಎಂಬ ಭಯಕ್ಕೆ ಅವನು ಸತ್ತ ಪ್ರತಿಮೆಯನ್ನು ಮಾತ್ರ ಕಡೆದಾನು. ನನ್ನ ಚಿಂತೆ ಅಮೆರಿಕದ ಧಾರಾವಾಹಿಯದಲ್ಲ, ಇದು.

ಆದ್ದರಿಂದ ಹುಡುಗರಿಗೆ ನಾನು ಕೊಟ್ಟ ತೀರ್ಪು ಇದು: ದೂರು ಹೇಳಿರಿ, ಬೇಕಾದಷ್ಟು ಹೇಳಿರಿ. ಆದರೆ ‘ಆಟದಲ್ಲಿ ಹೀಗಿತ್ತೇ?’ ಎಂದು ಕೇಳುವ ಮೊದಲು ‘ಆಟ ಆಡಿದಾಗ ನನಗೆ ನೊಂದದ್ದು ಇಲ್ಲಿಯೂ ನೋಯುತ್ತದೆಯೇ?’ ಎಂದು ಕೇಳಿಕೊಳ್ಳಿರಿ. ನೋಯದಿದ್ದರೆ ಬೈಯಿರಿ, ನಾನೂ ನಿಮ್ಮ ಪಕ್ಷ. ಬೈದಾದ ಮೇಲೆ, ಬೆಳಗಾದಾಗ, ಬಾಳ್ಯಾನಿಗೆ ರೊಟ್ಟಿ ಕೊಡುವುದನ್ನು ಮಾತ್ರ ಮರೆಯಬೇಡಿರಿ.