ಗುಡ್ಡ ಕಡಿದದ್ದು ಮಳೆಯೇ?

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿಯಿತು. ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಚಹಾದಂಗಡಿ, ಅದನ್ನು ನಂಬಿದ್ದ ಸಂಸಾರ, ಗಾಡಿ ನಿಲ್ಲಿಸಿದ್ದ ಚಾಲಕರು ಎಲ್ಲ ಮಣ್ಣುಪಾಲು. ಗ್ಯಾಸ್ ಟ್ಯಾಂಕರ್ ಗಂಗಾವಳಿ ಹೊಳೆಗೆ ಬಿತ್ತು. ಮಣ್ಣು ನುಗ್ಗಿದ ರಭಸಕ್ಕೆ ಹೊಳೆಯೇ ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಸತ್ತವರು 11 ಮಂದಿ. ಅವರಲ್ಲೊಬ್ಬನಾದ ಕೇರಳದ ಚಾಲಕನ ಲಾರಿಯನ್ನು ಹೊಳೆಯ ತಳದಿಂದ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ.

ಇದಕ್ಕೆ ಕಡತದಲ್ಲಿ ಇಟ್ಟ ಹೆಸರು ಪ್ರಕೃತಿ ವಿಕೋಪ.

ನಮ್ಮ ಕರಾವಳಿಗೆ ಮಳೆ ಹೊಸದೇ? ವರ್ಷಕ್ಕೆ 3000 ಮಿ.ಮೀ. ಮೀರಿ ಸುರಿಯುವ ಸೀಮೆ ಇದು. ಇಲ್ಲಿನ ಬಹಳಷ್ಟು ಗುಡ್ಡಗಳಲ್ಲಿ ಮೇಲೆ ಮುರಕಲ್ಲು, ಅದರಡಿ ಶೇಡಿ ಮಣ್ಣು. ಮುರಕಲ್ಲಿನ ತೂತುಗಳಲ್ಲಿ ಇಳಿದ ನೀರು ಶೇಡಿಯನ್ನು ಅಂಬಲಿ ಮಾಡುತ್ತದೆ. ಆದರೂ ಗುಡ್ಡ ನಿಂತಿರುತ್ತದೆ, ಬುಡ ಒತ್ತಿ ಹಿಡಿದಿರುವವರೆಗೆ. ಆ ಬುಡವನ್ನೇ ಗೋಡೆಯ ಹಾಗೆ ನೆಟ್ಟಗೆ ಕಡಿದರೆ ಹಿಡಿಯುವವರು ಯಾರು? ಮನೆ ಹಿಂದಿನ ಧರೆ ಕಡಿಯುವ ರೈತನೂ ಓರೆ ಬಿಟ್ಟು ಕಡಿಯುತ್ತಾನೆ, ಮೇಲೊಂದು ಅಗಳ ತೋಡಿ ನೀರನ್ನು ಪಕ್ಕಕ್ಕೆ ತಿರುಗಿಸುತ್ತಾನೆ. ಅವನಿಗೆ ಗೊತ್ತಿರುವುದು ಈ ಹೆದ್ದಾರಿಯನ್ನು ಚತುಷ್ಪಥ ಮಾಡುವ ನಕ್ಷೆ ಬರೆದವರಿಗೆ ಗೊತ್ತಿರಲಿಲ್ಲವೆಂದರೆ ನಾನಂತೂ ನಂಬುವುದಿಲ್ಲ.

‘ವಿಕೋಪ’ ಎಂಬ ಈ ಮಾತಿನಲ್ಲಿ ದುಡ್ಡಿದೆ. ಭೂಕುಸಿತವೆಂದು ಬರೆದರೆ ವಿಪತ್ತು ನಿಧಿಯಿಂದ ಪರಿಹಾರ ಬರುತ್ತದೆ. ತಮ್ಮವರನ್ನು ಕಳೆದುಕೊಂಡ ಮನೆಯವರು ಆ ಮಾತಿಗೆ ತಕರಾರು ತೆಗೆಯುವ ಸ್ಥಿತಿಯಲ್ಲಿರುವುದಿಲ್ಲ. ಅವರಿಗೆ ಅನ್ನ ಕೊಡುವ ಅದೇ ಮಾತು ಕಡಿದವನಿಗೆ ಕ್ಷಮೆಯನ್ನೂ ಕೊಟ್ಟುಬಿಡುತ್ತದೆ. ಐದು ಲಕ್ಷ ಸಂದಾಯವಾಯಿತು, ಕಡತ ಮುಚ್ಚಿತು.

‘ಹಾಗಾದರೆ ರಸ್ತೆಯೇ ಬೇಡವೇ?’ ಎಂದು ಕೇಳುವವರು ಅದೇ ಗುಡ್ಡಸಾಲನ್ನು ಸೀಳಿಕೊಂಡು ಹೋಗುವ ಕೊಂಕಣ ರೈಲನ್ನು ನೋಡಲಿ. 2003ರ ಜೂನ್‌ನಲ್ಲಿ ಮಹಾರಾಷ್ಟ್ರದ ವೈಭವವಾಡಿ ಬಳಿ ಹಳಿಗೆ ಬಂಡೆ ಉರುಳಿ 50ರಷ್ಟು ಜನ ಸತ್ತರು. ಆ ಮೇಲೆ ಇಳಿಜಾರು ತಗ್ಗಿಸಿದರು, ಬಂಡೆಗೆ ಬಲೆ ಹೊದಿಸಿದರು. ಇಂದಿಗೂ ಮಳೆಗಾಲದಲ್ಲಿ ಅಲ್ಲಿ ವೇಳಾಪಟ್ಟಿಯೇ ಬೇರೆ: ರೈಲು ನಿಧಾನ, ಹಳಿಯ ಮೇಲೆ ರಾತ್ರಿ ಹಗಲು ಗಸ್ತು. ಹೆದ್ದಾರಿಗೆ ಅಂಥ ಮಳೆಗಾಲವಿಲ್ಲ, ಟೋಲ್ ಮಾತ್ರ ಹನ್ನೆರಡು ತಿಂಗಳೂ ಇದೆ.

ಇನ್ನು ವಿಧಾನಸೌಧದ ವಿಷಯ. ಲಾರಿ ಮೇಲೆತ್ತಿದ ಮರುದಿನ, ಸೆಪ್ಟೆಂಬರ್ 26ರಂದು, ರಾಜ್ಯ ಸಂಪುಟ ಪಶ್ಚಿಮಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಆ ವರದಿ ಬಂದರೆ ಕೊಟ್ಟಿಗೆ ಕಟ್ಟಲಿಕ್ಕೂ ಅನುಮತಿ ಕೇಳಬೇಕಾದೀತೆಂಬ ಮಲೆನಾಡಿಗರ ಅಂಜಿಕೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ರೈತನ ಅಂಜಿಕೆಯನ್ನು ಮುಂದೊಡ್ಡಿ ಜೆಸಿಬಿಗೆ ದಾರಿ ಬಿಡುವುದು ಬೇರೆ.

ಪರಿಹಾರ ಮೊದಲು ಕೊಡಿ, ತಕರಾರಿಲ್ಲ. ಚೆಕ್ಕಿನ ಬೆನ್ನಿಗೇ ಗುಡ್ಡದ ನಕ್ಷೆಯನ್ನೂ ಪಂಚಾಯಿತಿ ಕಟ್ಟೆಯ ಮೇಲೆ ಅಂಟಿಸಿ: ಎಷ್ಟು ಓರೆಯಲ್ಲಿ ಕಡಿಯಬೇಕಿತ್ತು, ಎಷ್ಟು ಕಡಿದರು, ಸರಿಯಾಗಿದೆ ಎಂದು ಸಹಿ ಹಾಕಿದವರು ಯಾರು.