ನಮ್ಮ ಟ್ರ್ಯಾಕ್ಟರಿನ ಲಾಕ್ ನಾವು ತೆಗೆದ್ರ ಅಪರಾಧ ಏನ್ರಿ?

ಈ ಸಲ ಮಳಿ-ಬೆಳಿ ಸುದ್ದಿ ಅಲ್ರಿ. ಸಾಫ್ಟ್‌ವೇರ್ ಲಾಕ್ ಒಡಿಯೂದು ಅಪರಾಧ ಹೌದೋ ಅಲ್ಲೋ ಅನ್ನೂ ಮಾತು. ಇದು ಬೆಂಗಳೂರಿನ ಕಂಪ್ಯೂಟರ್ ಮಂದಿ ವಿಷಯ ಅಂತ ಬಿಡಬ್ಯಾಡ್ರಿ, ಅದು ಈಗ ನಮ್ಮ ಹೊಲಕ್ಕೂ ಬಂದೈತಿ.

2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರಿಗೆ ಹೊಗಿ ನಿಯಮ ಬಿಗಿ ಆತು. ಅಂಥಾ ಗಾಡಿಯೊಳಗ ಡೀಸೆಲ್ ಎಷ್ಟು ಬಿಡಬೇಕು ಅಂತ ಹೇಳೂದು ಇಸಿಯು ಅನ್ನೂ ಸಣ್ಣ ಕಂಪ್ಯೂಟರ್. ಒಂದು ಸೆನ್ಸರ್ ಕೆಟ್ರ ಲೈಟ್ ಹತ್ತತೈತಿ, ಇಂಜಿನ್ ಜೋರು ತಾನ ಇಳಿತೈತಿ. ಸೆನ್ಸರ್ ಬದಲಿ ಮಾಡೂದು ನಮ್ಮ ಮಿಸ್ತ್ರಿಗೆ ದೊಡ್ಡ ಕೆಲಸ ಅಲ್ಲ. ಆದ್ರ ಕೆಲವು ದೋಷಕ್ಕ ಕಂಪನಿ ಲ್ಯಾಪ್‌ಟಾಪ್ ಹಚ್ಚಿ ಕೋಡ್ ಅಳಿಸೋತನಕ ಗಾಡಿ ದಾರಿಗೆ ಬರಂಗಿಲ್ಲ. ಎರಿ ಹೊಲದ ಹದ ಸರ್ವಿಸ್ ಇಂಜಿನಿಯರ್ ಬರೋತನಕ ಕಾಯ್ತೈತೇನ್ರಿ?

ಹಂಗಾದ್ರ ಮಿಸ್ತ್ರಿ ಲಾಕ್ ತೆಗೆದ್ರ ಜೈಲು ಏನು? ಕಾಯ್ದೆ ನೋಡೋಣ. 2012ರ ತಿದ್ದುಪಡಿಯೊಳಗ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿತು. ಹಕ್ಕು ಉಲ್ಲಂಘನೆ ಮಾಡೂ ಉದ್ದೇಶದಿಂದ ಲಾಕ್ ಒಡದ್ರ 2 ವರ್ಷದ ತನಕ ಜೈಲು, ಮ್ಯಾಲೆ ದಂಡ. ಇಲ್ಲಿ ‘ಉದ್ದೇಶ’ ಅನ್ನೂ ಶಬ್ದಾನ ಮುಖ್ಯ. ಕಾಯ್ದೆ ನಿಷೇಧ ಮಾಡದ ಕೆಲಸಕ್ಕ ಲಾಕ್ ತೆಗೆದ್ರ ಆ ಕಲಂ ಅಡ್ಡ ಬರಂಗಿಲ್ಲ. ಆದ್ರ ಇನ್ನೊಬ್ಬರಿಗೆ ತೆಗೆದುಕೊಡಾವ ಅವರ ಹೆಸರು, ವಿಳಾಸ, ಕಾರಣ ಬರೆದಿಡಬೇಕು. ಮಿಸ್ತ್ರಿಗಳು ಇವತ್ತ ಒಂದು ರಿಜಿಸ್ಟರ್ ಇಡ್ರಿ.

ಅಮೆರಿಕದೊಳಗ 1998ರ ಕಾಯ್ದೆ ಲಾಕ್ ತೆಗೆಯೂದನ್ನ ತಪ್ಪು ಅಂದಿತ್ತು. ಅಲ್ಲಿ ರೈತರು ಗದ್ದಲ ಮಾಡಿದ ಮ್ಯಾಲೆ 2015ರಾಗ ಟ್ರ್ಯಾಕ್ಟರ್ ರಿಪೇರಿಗೆ ವಿನಾಯಿತಿ ಸಿಕ್ಕಿತು. 2023ರಾಗ ಕೊಲೊರಾಡೊ ರಾಜ್ಯ ಇನ್ನೂ ಮುಂದ ಹೋಗಿ, ರಿಪೇರಿಗೆ ಬೇಕಾದ ಸಾಫ್ಟ್‌ವೇರ್, ಬಿಡಿಭಾಗ, ಪುಸ್ತಕ ರೈತರಿಗೆ ಕೊಡಬೇಕಂತ ಕಂಪನಿಗಳಿಗೆ ಕಾಯ್ದೆನ ಮಾಡಿತು.

ನನ್ನ ಅಭಿಪ್ರಾಯ ಇಷ್ಟ. ಮಂದಿ ಬರೆದ ಸಾಫ್ಟ್‌ವೇರ್ ಕದ್ದು, ಕಾಪಿ ಹೊಡೆದು ಮಾರೂದು ಅಪರಾಧನ. ಅದೂ ಒಬ್ಬರ ದುಡಿಮಿ. ಆದ್ರ ರೊಕ್ಕ ಕೊಟ್ಟು ತಂದ ಗಾಡಿ ಚಾಲೂ ಮಾಡಾಕ ಲಾಕ್ ತೆಗೆಯೂದು ಕಳವು ಅಲ್ಲ. ಬೀಜದ ವಿಷಯದಾಗ ನಮ್ಮ ದೇಶ ಈ ಗೆರಿ ಮೊದಲ ಹಾಕೇತಿ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ, ಸಂರಕ್ಷಿತ ತಳಿ ಇದ್ರೂ ರೈತ ಬೀಜ ಇಟ್ಟುಕೋಬಹುದು, ಬಿತ್ತಬಹುದು, ಮಾರಲೂಬಹುದು. ಬ್ರ್ಯಾಂಡ್ ಹಚ್ಚಿ ಮಾತ್ರ ಮಾರಾಂಗಿಲ್ಲ. ಬೀಜಕ್ಕ ಇರೂ ನ್ಯಾಯ ಯಂತ್ರಕ್ಕ ಯಾಕ ಬ್ಯಾಡ?

ಲಾಕ್ ಬಿಟ್ರ ಮಂದಿ ಹೊಗಿ ನಿಯಂತ್ರಣನ ಕಿತ್ತು ಒಗಿತಾರ ಅಂತ ಒಂದು ವಾದ ಐತಿ. ಅದು ಸುಳ್ಳಲ್ಲ, ಜೋರು ಬರಲಿ ಅಂತ ಅಂಥಾ ಕೆಲಸ ಮಾಡಸವ್ರೂ ಅದಾರ. ಅದಕ್ಕ ಶಿಕ್ಷೆ ಇರಲಿ. ಆದ್ರ ಕುಡಗೋಲಿನಿಂದ ಯಾರೋ ಒಬ್ಬ ಹೊಡೆದಾಡಿದ ಅಂತ ಊರಿನ ಕುಡಗೋಲೆಲ್ಲಾ ಜಪ್ತಿ ಮಾಡಾಂಗಿಲ್ಲಲ್ಲ.

ಇನ್ನೊಂದು ಗೊತ್ತಿರಲಿ. ಲಾಕ್ ತೆಗೆಯೂದು ಅಪರಾಧ ಅಲ್ಲ ಅಂದ ಮಾತ್ರಕ್ಕ ಕಂಪನಿ ಕೀಲಿ ಕೊಡಂಗಿಲ್ಲ. 2022ರ ಜುಲೈದಾಗ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿಗೆ ಸಮಿತಿ ಮಾಡಿದಾಗ ಕೃಷಿ ಉಪಕರಣನೂ ಪಟ್ಟಿಯೊಳಗ ಇತ್ತು. ನಾವು ಕೇಳಬೇಕಾದ್ದು ಒಂದ: ಸಬ್ಸಿಡಿ ಕೊಡೂ ಯಂತ್ರಕ್ಕ, ಕೃಷಿ ಯಂತ್ರಧಾರೆ ಕೇಂದ್ರಕ್ಕ ಕೊಳ್ಳೂ ಯಂತ್ರಕ್ಕ, ಕೋಡ್ ಓದಿ ಅಳಿಸೂ ಸಾಧನ ಊರ ಮಿಸ್ತ್ರಿಗೂ ಸಿಗಬೇಕು ಅನ್ನೂ ಷರತ್ತು ಹಾಕ್ರಿ. ಅಲ್ಲಿತನಕ ಹೊಸ ಗಾಡಿ ತರಾವ್ರು ಸಹಿ ಮಾಡೂ ಮೊದಲ ಡೀಲರನ ಕೇಳ್ರಿ: ಕೋಡ್ ಯಾರು ಅಳಸ್ತಾರ, ಎಷ್ಟು ತಾಸಿನ್ಯಾಗ ಬರ್ತಾರ, ಎಷ್ಟು ರೊಕ್ಕ? ಬಾಯಿಮಾತು ಬ್ಯಾಡ, ಬರೆಸಿಕೊಳ್ರಿ.

ನಿಮ್ಮ ಗಾಡಿದು ಇಂಥಾ ಅನುಭವ ಇದ್ರ ಕೆಳಗ ಬರೀರಿ.